ಹರಿಹರ ಊರು ಬಿಟ್ಟ ಮೇಲೆ: 'ಪಥೇರ್ ಪಾಂಚಾಲಿ'ಯ ಕಥೆ



ಕನ್ನಡ ಸಮ್ಮೇಳನದಲ್ಲಿ ಬಂಗಾಳಿ ಸಿನಿಮಾದ ಮಾತೇಕೆ ಎಂದು ನೀವು ಕೇಳಬಹುದು. ದುಡಿಮೆಗಾಗಿ ಊರು ಬಿಟ್ಟವನೊಬ್ಬನ ಮನೆಯ ಕಥೆ ಅದು. ಹಾಗಾಗಿ ಅದು ನಮ್ಮ ಕಥೆಯೂ ಹೌದು.

ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿ 'ಪಥೇರ್ ಪಾಂಚಾಲಿ' ಪುಸ್ತಕವಾಗಿ ಬಂದದ್ದು 1929ರಲ್ಲಿ. ಅದರ ಮಕ್ಕಳ ಆವೃತ್ತಿಗೆ ಚಿತ್ರ ಬರೆದವರು ಕಲ್ಕತ್ತಾದ ಜಾಹೀರಾತು ಕಂಪನಿಯೊಂದರಲ್ಲಿ ಕಲಾವಿದರಾಗಿದ್ದ ಸತ್ಯಜಿತ್ ರೇ. 1950ರಲ್ಲಿ ಕಂಪನಿ ಅವರನ್ನು ಲಂಡನ್ನಿಗೆ ಕಳಿಸಿತು. ಅಲ್ಲಿ ಇಟಲಿಯ 'ಬೈಸಿಕಲ್ ಥೀವ್ಸ್' ನೋಡಿದ ಮೇಲೆ ಅವರ ನಿರ್ಧಾರ ಗಟ್ಟಿಯಾಯಿತು. ಸ್ಟುಡಿಯೋ ಬೇಡ, ತಾರೆಯರು ಬೇಡ, ನಿಜವಾದ ಹಳ್ಳಿಯಲ್ಲೇ ಚಿತ್ರ ಮಾಡಬೇಕು. ಹಡಗಿನಲ್ಲಿ ಮರಳುವಾಗಲೇ ಅವರು ಟಿಪ್ಪಣಿ ಶುರುಮಾಡಿದರು.

1952ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಆರಂಭವಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರರಿಗೆ ಆಗ ಇಪ್ಪತ್ತರ ಆಸುಪಾಸು. ಅವರು ಅಲ್ಲಿಯವರೆಗೆ ಸಿನಿಮಾ ಕ್ಯಾಮೆರಾ ಹಿಡಿದವರೇ ಅಲ್ಲ. ಬಿಳಿಯ ಕಾಶ್ ಹೂವಿನ ಬಯಲಲ್ಲಿ ಒಂದು ದಿನ ಕೆಲಸ ಮಾಡಿ ಮುಂದಿನ ವಾರ ಹೋದರೆ, ಹೂವನ್ನೆಲ್ಲ ದನಗಳು ಮೇಯ್ದಿದ್ದವು. ಮತ್ತೆ ಹೂ ಬಿಡುವವರೆಗೆ ಕಾಯಬೇಕಾಯಿತು. ರೇ ವಿಮೆ ಪಾಲಿಸಿ ಅಡವಿಟ್ಟರು, ಗ್ರಾಮಾಫೋನ್ ತಟ್ಟೆ ಮಾರಿದರು. ಪತ್ನಿ ಬಿಜೋಯಾ ಅವರ ಒಡವೆಗಳೂ ಗಿರವಿಗೆ ಹೋದವು. ಕೊನೆಗೆ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರ ಸರ್ಕಾರ ಹಣ ಕೊಟ್ಟಿತು. ಹೆಸರಲ್ಲೇ 'ಪಥ' ಇದ್ದುದರಿಂದ ಲೆಕ್ಕದಲ್ಲಿ ಅದು ರಸ್ತೆ ಅಭಿವೃದ್ಧಿಯ ಬಾಬ್ತಿಗೆ ಸೇರಿತು ಎಂಬುದು ಪ್ರಸಿದ್ಧ ಮಾತು. ಮುದುಕಿ ಇಂದಿರ್ ಪಾತ್ರ ಮಾಡಿದ ಚುನೀಬಾಲಾ ದೇವಿಗೆ ಆಗ ಸುಮಾರು ಎಂಬತ್ತು ವರ್ಷ. ಚಿತ್ರೀಕರಣ ಮುಗಿಯುವವರೆಗೆ ಬದುಕಿದ್ದರು, ಬಿಡುಗಡೆ ನೋಡಲಿಲ್ಲ.

ಚಿತ್ರ ಮೊದಲು ತೆರೆಕಂಡದ್ದು 1955ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ. ಕಲ್ಕತ್ತಾದಲ್ಲಿ ಬಿಡುಗಡೆಯಾದದ್ದು ಆಗಸ್ಟ್ 26ರಂದು. ಮರುವರ್ಷ ಕಾನ್ ಉತ್ಸವದಲ್ಲಿ 'ಅತ್ಯುತ್ತಮ ಮಾನವೀಯ ದಾಖಲೆ' ಎಂಬ ಪ್ರಶಸ್ತಿ ಬಂತು. ಜೊತೆಗೆ ಒಂದು ಅಪವಾದವೂ ಬಂತು: ರೇ ಭಾರತದ ಬಡತನವನ್ನು ಪರದೇಶಕ್ಕೆ ಮಾರುತ್ತಾರೆ ಎಂದು. 1980ರಲ್ಲಿ ರಾಜ್ಯಸಭಾ ಸದಸ್ಯೆಯಾಗಿದ್ದ ನಟಿ ನರ್ಗಿಸ್ ಕೂಡ ಇದನ್ನೇ ಹೇಳಿದರು. ಪರದೇಶದಲ್ಲಿರುವ ನಮಗೆ ಈ ಮಾತು ಸ್ವಲ್ಪ ಚುಚ್ಚುತ್ತದೆ. ಸಹೋದ್ಯೋಗಿಗಳ ಮುಂದೆ ನಾವೂ ನಮ್ಮ ದೇಶದ ಹೊಳೆಯುವ ಮುಖವನ್ನೇ ತೋರಿಸಲು ಬಯಸುತ್ತೇವೆ.

ಆದರೆ ಚಿತ್ರವನ್ನೇ ನೋಡಿ. ಹರಿಹರ ಓದಿದವನು, ನಾಟಕ ಬರೆಯುವ ಕನಸುಳ್ಳವನು. ಬಾಕಿ ಸಂಬಳ ಕೇಳಲು ಅವನಿಗೆ ಸಂಕೋಚ. ಕಡೆಗೆ ದುಡಿಮೆ ಹುಡುಕಿ ಊರು ಬಿಡುತ್ತಾನೆ. ಕ್ಯಾಮೆರಾ ಅವನ ಹಿಂದೆ ಹೋಗುವುದಿಲ್ಲ, ಮನೆಯಲ್ಲೇ ಉಳಿಯುತ್ತದೆ. ಕಾಗದಕ್ಕಾಗಿ ಕಾಯುವ, ಪಾತ್ರೆ ಮಾರುವ ಸರ್ಬಜಯಾಳನ್ನು ನಾವು ನೋಡುತ್ತೇವೆ. ಮಳೆಯಲ್ಲಿ ನೆನೆದ ದುರ್ಗಾ ಜ್ವರದಿಂದ ಸಾಯುತ್ತಾಳೆ. ಏನೂ ತಿಳಿಯದ ಹರಿಹರ ಮರಳಿ ಬಂದು, ತಂದದ್ದನ್ನೆಲ್ಲ ಒಂದೊಂದಾಗಿ ತೆಗೆದು ತೋರಿಸುತ್ತಾನೆ. ಅದರಲ್ಲಿ ಮಗಳಿಗೊಂದು ಸೀರೆ. ಸರ್ಬಜಯಾ ಬಾಯಿಬಿಟ್ಟು ಅಳುತ್ತಾಳೆ, ಆದರೆ ಅವಳ ದನಿ ನಮಗೆ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ರವಿಶಂಕರರ ಸಂಗೀತದ ತಾರ್ ಶಹನಾಯಿ ಚೀರುತ್ತದೆ.

ಇದು ಬಡತನದ ಪ್ರದರ್ಶನವಲ್ಲ. ದುಡಿಯಲು ಹೋದವನ ಗೈರುಹಾಜರಿಯ ಲೆಕ್ಕ. ನಾವು ಕಳಿಸುವ ಹಣಕ್ಕೆ ರಸೀದಿ ಇದೆ. ನಾವಿಲ್ಲದ ದಿನಗಳಿಗೆ ಇಲ್ಲ. ವಲಸೆಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೋದವರ ಕಡೆಯಿಂದ ಬರೆಯುತ್ತೇವೆ: ಯಾವಾಗ ಬಂದೆವು, ಏನು ಕಟ್ಟಿದೆವು. ರೇ ಅದನ್ನು ಉಳಿದವರ ಕಡೆಯಿಂದ ಬರೆದರು.

1970ರಲ್ಲಿ ನಮ್ಮ 'ಸಂಸ್ಕಾರ'ವೂ ಸ್ಟುಡಿಯೋ ಬಿಟ್ಟು ಮಲೆನಾಡಿನ ಹಳ್ಳಿಗೆ ಹೋಯಿತು, ರಾಷ್ಟ್ರಪ್ರಶಸ್ತಿಯನ್ನೂ ತಂದಿತು. ಊರಿನ ಬದುಕನ್ನು ಮುಚ್ಚುಮರೆಯಿಲ್ಲದೆ ತೋರಿಸುವುದು ಊರಿಗೆ ಮಾಡುವ ಅವಮಾನವಲ್ಲ ಎಂದು ಕನ್ನಡದ ಪ್ರೇಕ್ಷಕರೂ ಅರಿತರು.

ನಮ್ಮ ಸಂಘಗಳು ಸ್ಮರಣ ಸಂಚಿಕೆ ತರುವಾಗ ಇದನ್ನು ನೆನಪಿಡೋಣ. ನಮ್ಮ ಸಾಧನೆಯ ಪಕ್ಕದಲ್ಲೇ ಊರಲ್ಲಿ ಉಳಿದ ತಾಯಿ, ತಂಗಿ, ಹೆಂಡತಿಯರ ಮಾತಿಗೂ ನಾಲ್ಕು ಪುಟ ಇರಲಿ. ಅವರನ್ನು ಕೇಳಿ ಬರೆಯೋಣ, ಅವರು ಇರುವಾಗಲೇ.