ಸೇರ್ಪಡೆ ಪತ್ರದ ಎಂಟನೆಯ ಕಲಮು: ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯಿಂದ ಮೈಸೂರು ಚಲೋ

ಚಾಮರಾಜನಗರ ಸೀಮೆಯ ಸ್ವಾತಂತ್ರ್ಯ ಹೋರಾಟದ ಬಗ್ಗೆ ಬರುವ ಬರಹಗಳಲ್ಲಿ ಒಂದು ವಾದ ಮತ್ತೆಮತ್ತೆ ಕಾಣಿಸುತ್ತದೆ. ಮೈಸೂರಿನ ಮಹಾರಾಜರು 1947ರ ಆಗಸ್ಟ್ 9ರಂದೇ ಭಾರತಕ್ಕೆ ಸೇರುವ ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು, ಆದ್ದರಿಂದ ಆಗಸ್ಟ್ 15ರಂದು ಉಳಿದ ಭಾರತದೊಂದಿಗೆ ಇಲ್ಲಿನ ಜನರೂ ಸ್ವತಂತ್ರರಾದರು, ಸೆಪ್ಟೆಂಬರಿನಲ್ಲಿ ಎದ್ದ ಮೈಸೂರು ಚಲೋ ಚಳವಳಿ ಮಂತ್ರಿಗಿರಿಗಾಗಿ ನಡೆದ ಹಗ್ಗಜಗ್ಗಾಟ ಎಂಬುದು ಆ ವಾದ. ಇದನ್ನು ಮುಂದಿಡುವವರು ಸೇರ್ಪಡೆ ಪತ್ರದ ತಾರೀಖನ್ನು ತಪ್ಪದೆ ಕೊಡುತ್ತಾರೆ. ಅದರ ಒಳಗೇನಿದೆ ಎಂಬುದರ ಕಡೆಗೆ ಮಾತ್ರ ತಿರುಗಿ ನೋಡುವುದಿಲ್ಲ. ಪತ್ರವನ್ನು ಕಲಮು ಕಲಮಾಗಿ ಓದಿದರೆ ಈ ವಾದಕ್ಕೆ ಆಧಾರವೇ ಉಳಿಯುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದನೆ.

ಮೊದಲು ನಕ್ಷೆಯ ವಿಷಯ. ಇಂದಿನ ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. 1947ರಲ್ಲಿ ಈ ನೆಲದಲ್ಲಿ ಒಂದಲ್ಲ, ಮೂರು ಆಡಳಿತಗಳಿದ್ದವು. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಮೈಸೂರು ಸಂಸ್ಥಾನದವು. ನಡುವಿನ ಯಳಂದೂರು ಅದೇ ಸಂಸ್ಥಾನದೊಳಗೆ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಸಿಕ್ಕ ಜಹಗೀರು. ಅದರಾಚೆಯ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು. ಆಗಸ್ಟ್ 15ರ ಬೆಳಿಗ್ಗೆ ಕೊಳ್ಳೇಗಾಲದ ರೈತನ ಮೇಲಿದ್ದದ್ದು ಓಮಂದೂರು ರಾಮಸ್ವಾಮಿ ರೆಡ್ಡಿಯಾರ್ ಅವರ ಕಾಂಗ್ರೆಸ್ ಸರ್ಕಾರ. ಪಕ್ಕದ ಚಾಮರಾಜನಗರದ ರೈತನ ಮೇಲಿದ್ದದ್ದು ಅಮಲ್ದಾರರು, ಅವರ ಮೇಲೆ ಮೈಸೂರಿನ ಡೆಪ್ಯುಟಿ ಕಮಿಷನರು, ಎಲ್ಲರ ಮೇಲೆ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು. ಆ ದಿವಾನರನ್ನು ನೇಮಿಸಿದ್ದು ಅರಮನೆ. ಜನರಿಂದ ಚುನಾಯಿತವಾದ ಯಾವ ಸಭೆಗೂ ಅವರನ್ನು ಇಳಿಸುವ ಅಧಿಕಾರವಿರಲಿಲ್ಲ. (ಇಂದಿನ ಜಿಲ್ಲೆಯ ಗಡಿಯನ್ನು 1947ರ ಮೇಲೆ ಹೊದಿಸಿ, ಕೊಳ್ಳೇಗಾಲವನ್ನೂ ಗುಂಡ್ಲುಪೇಟೆಯನ್ನೂ ಒಂದೇ ಕಥೆಯೊಳಗೆ ತುರುಕುವ ಜಿಲ್ಲಾ ಚರಿತ್ರೆಗಳು ಈ ಒಂದು ಸಂಗತಿಯನ್ನಾದರೂ ತಿದ್ದಿಕೊಳ್ಳಬೇಕಿತ್ತು. ಅಭಿಮಾನದಿಂದ ಬರೆದರೂ ತಪ್ಪು ತಪ್ಪೇ.)

ಈಗ ಪತ್ರಕ್ಕೆ ಬರೋಣ. ದೊಡ್ಡ ಸಂಸ್ಥಾನಗಳಿಗೆಲ್ಲ ಸಿದ್ಧಪಡಿಸಿದ್ದ ಒಂದೇ ನಮೂನೆಯಲ್ಲಿ ಮಹಾರಾಜ ಜಯಚಾಮರಾಜ ಒಡೆಯರು ಸಹಿ ಮಾಡಿದರು. ಆಗಸ್ಟ್ 16ರಂದು ಗವರ್ನರ್ ಜನರಲ್ ಅದನ್ನು ಅಂಗೀಕರಿಸಿದರು. ಅದರ ಮೂಲಕ ದೆಹಲಿಗೆ ಹೋದ ವಿಷಯಗಳು ಮೂರು: ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ವ್ಯವಸ್ಥೆ. ಪೊಲೀಸು, ಜೈಲು, ಮ್ಯಾಜಿಸ್ಟ್ರೇಟು, ಕಂದಾಯ, ಸಭೆ ಸೇರುವ ಹಕ್ಕು ಈ ಪಟ್ಟಿಯಲ್ಲಿ ಇಲ್ಲ. ಏಳನೆಯ ಕಲಮು, ಮುಂದೆ ಬರಲಿರುವ ಭಾರತದ ಯಾವುದೇ ಸಂವಿಧಾನಕ್ಕೆ ಈ ಸಹಿಯಿಂದ ಸಂಸ್ಥಾನ ಬದ್ಧವಾಗುವುದಿಲ್ಲ ಎನ್ನುತ್ತದೆ. ಎಂಟನೆಯದು ಇನ್ನೂ ಮುಂದೆ ಹೋಗಿ, ಪತ್ರದಲ್ಲಿ ಬಿಟ್ಟುಕೊಟ್ಟಿರುವುದನ್ನು ಹೊರತುಪಡಿಸಿ ರಾಜರ ಸಾರ್ವಭೌಮತ್ವಕ್ಕೆ ಯಾವ ಧಕ್ಕೆಯೂ ಇಲ್ಲ, ಅವರು ಆಗ ಅನುಭವಿಸುತ್ತಿದ್ದ ಅಧಿಕಾರಗಳೆಲ್ಲ ಹಾಗೆಯೇ ಮುಂದುವರಿಯುತ್ತವೆ ಎಂದು ಸಾರುತ್ತದೆ. ಆಗಸ್ಟ್ 15ರಂದು ಗುಂಡ್ಲುಪೇಟೆಯ ಮನುಷ್ಯ ಯಾರ ಪ್ರಜೆಯಾಗಿದ್ದ ಎಂಬ ಪ್ರಶ್ನೆಗೆ ಉತ್ತರ ಈ ಕಲಮಿನಲ್ಲಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ತಳ್ಳಿಹಾಕುವಂಥವಲ್ಲ.

ಮೊದಲನೆಯದು: ಎಂಟನೆಯ ಕಲಮು ಅಚ್ಚಿನ ನಮೂನೆಯ ಮಾತು, ದೊಡ್ಡ ಸಂಸ್ಥಾನಗಳ ರಾಜರೆಲ್ಲ ಅದಕ್ಕೇ ಸಹಿ ಹಾಕಿದರು, ಅದರಿಂದ ಮೈಸೂರಿನ ಬಗ್ಗೆ ವಿಶೇಷವಾಗಿ ಏನೂ ಸಿದ್ಧವಾಗುವುದಿಲ್ಲ. ಮಾತು ಒಂದೇ ಎಂಬುದು ನಿಜ, ಅದರ ಪರಿಣಾಮ ಒಂದೇ ಅಲ್ಲ. ಆಡಳಿತ ಯಂತ್ರ ಗಟ್ಟಿಯಿಲ್ಲದ ಸಂಸ್ಥಾನದಲ್ಲಿ ಅಂಥ ಕಲಮು ಕಾಗದದ ಮೇಲಿನ ಗೌರವ ಮಾತ್ರ. ಮೈಸೂರಿಗೆ ತನ್ನದೇ ಪೊಲೀಸು, ಸೇನೆ, ಹೈಕೋರ್ಟು, ರೈಲ್ವೆ ಇದ್ದವು. 1881ರಿಂದ ಪ್ರಜಾಪ್ರತಿನಿಧಿ ಸಭೆ, 1907ರಿಂದ ಶಾಸನ ಪರಿಷತ್ತು ಇದ್ದವು. ಉಳಿಸಿಕೊಂಡ ಅಧಿಕಾರವನ್ನು ಜನರ ಮೇಲೆ ನಿಜವಾಗಿ ಚಲಾಯಿಸಲು ಬೇಕಾದ ಯಂತ್ರ ಪೂರ್ತಿ ಕೈಯಲ್ಲಿದ್ದ ಸಂಸ್ಥಾನ ಇದು.

ಅಷ್ಟೇ ಅಲ್ಲ, ಆ ಅಧಿಕಾರ ಆಗಸ್ಟ್ 15ರಂದು ಹೆಚ್ಚಾಯಿತು. ನಮ್ಮ ಇತಿಹಾಸಕಾರರು ಗಮನಿಸದೆ ಬಿಟ್ಟ ಮುಖ್ಯ ಸಂಗತಿ ಇದು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂತಿರುಗಿಸುವಾಗ ಬ್ರಿಟಿಷರು ಬರೆಸಿಕೊಂಡ ಪತ್ರ, ಹಣಕಾಸು, ತೆರಿಗೆ, ನ್ಯಾಯದಾನದಂಥ ವಿಷಯಗಳಲ್ಲಿ ಗವರ್ನರ್ ಜನರಲ್ ಕೊಡುವ ಸಲಹೆಯಂತೆ ನಡೆಯಬೇಕೆಂದು ಮಹಾರಾಜರನ್ನು ಕಟ್ಟಿಹಾಕಿತ್ತು. 1913ರ ಒಪ್ಪಂದ ಆ ಮಾತನ್ನು ಮೃದು ಮಾಡಿತೇ ಹೊರತು ಮೇಲ್ವಿಚಾರಣೆಯನ್ನು ತೆಗೆಯಲಿಲ್ಲ. ಭಾರತ ಸ್ವಾತಂತ್ರ್ಯ ಕಾಯಿದೆಯ ಏಳನೆಯ ಸೆಕ್ಷನ್ ಬ್ರಿಟಿಷ್ ಪರಮಾಧಿಕಾರವನ್ನೂ ಅದರ ಬೆನ್ನಿಗಿದ್ದ ಇಂಥ ಕಟ್ಟುಗಳನ್ನೂ ಒಂದೇ ಏಟಿಗೆ ಕೊನೆಗಾಣಿಸಿತು. ಬ್ರಿಟಿಷ್ ರೆಸಿಡೆಂಟರು ಹೋದರು, ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. 1799ರಲ್ಲಿ ಒಡೆಯರ ಮನೆತನ ಮತ್ತೆ ಪಟ್ಟಕ್ಕೆ ಬಂದ ಮೇಲೆ, ಒಳಾಡಳಿತದಲ್ಲಿ ಹೊರಗಿನವರ ಹತೋಟಿಯಿಲ್ಲದ ಮೊದಲ ದಿನ 1947ರ ಆಗಸ್ಟ್ 15. ದೇಶ ಸ್ವತಂತ್ರವಾದ ದಿನ ಚಾಮರಾಜನಗರದ ಮೇಲೆ ಅರಮನೆ ಸರ್ಕಾರದ ಕಾನೂನುಬದ್ಧ ಹಿಡಿತ ಬಿಗಿಯಾಯಿತು. ಸೆಪ್ಟೆಂಬರಿನ ಸಿಟ್ಟು ಎಲ್ಲಿಂದ ಬಂತು ಎಂದು ಕೇಳುವವರು ಇಲ್ಲಿಂದ ಶುರು ಮಾಡಬೇಕು. (ಮೈಸೂರಿನ ಪರೋಕ್ಷ ಆಳ್ವಿಕೆಯ ಬಗ್ಗೆ ಬ್ಯೋರ್ನ್ ಹೆಟ್ನೆ ಬರೆದ ಮೌಲಿಕ ಗ್ರಂಥದ ಅವಧಿ 1881ರಿಂದ 1947. ಪರೋಕ್ಷ ಆಳ್ವಿಕೆಯ ಚರಿತ್ರೆಗೆ ಅದು ಸರಿಯಾದ ಮೇರೆ. ಅದೇ ಮೇರೆಯನ್ನು ಎತ್ತಿಕೊಂಡು ಜನರ ಹೋರಾಟದ ಚರಿತ್ರೆಗೂ ಹಾಕುವುದು ಸರಿಯಲ್ಲ.)

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಚಳವಳಿಗಾರರೇ ಮಹಾರಾಜರ ವಿರುದ್ಧ ಕೂಗಲಿಲ್ಲವಲ್ಲ? ಅವರ ಗುರಿ ದಿವಾನ್ ಮೊದಲಿಯಾರ್ ಮತ್ತು ಅರಮನೆಯ ಅಧಿಕಾರಿ ತಂಬೂಚೆಟ್ಟಿ. ಹಾಗಿರುವಾಗ ಇದನ್ನು ಸಾರ್ವಭೌಮತ್ವದ ಜಗಳ ಎನ್ನುವುದು ಹೇಗೆ? ಈ ಪ್ರಶ್ನೆ ನಮ್ಮ ಎರಡು ತಾಲ್ಲೂಕುಗಳಿಗೆ ಹತ್ತಿರದ್ದು. ಅರಿಕುಠಾರವೆಂದಿದ್ದ ಊರಿಗೆ ಅಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗಾಗಿ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟವರು ಮುಮ್ಮಡಿ ಕೃಷ್ಣರಾಜ ಒಡೆಯರು. 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದವರೂ ಅವರೇ. ಅರಮನೆಯ ಮೇಲಿನ ಭಕ್ತಿ ಇಲ್ಲಿ ಮನೆಮನೆಯ ಮಾತು. ಇಂಥ ಸೀಮೆ ಅರಮನೆಯ ವಿರುದ್ಧ ಏಳುವುದುಂಟೇ ಎಂದು ಕೇಳುವವರು ಭಕ್ತಿಯನ್ನೂ ಸಮ್ಮತಿಯನ್ನೂ ಒಂದೇ ಎಂದುಕೊಂಡಿದ್ದಾರೆ. ದೊರೆಯ ಮೇಲೆ ಪ್ರೀತಿ ಇಟ್ಟುಕೊಂಡೇ, ದೊರೆಯ ಹೆಸರಿನಲ್ಲಿ ಆಳುವವರು ತನಗೆ ಉತ್ತರ ಹೇಳಬೇಕೆಂದು ಪ್ರಜೆ ಕೇಳಬಲ್ಲ. ಚಳವಳಿ ಕೇಳಿದ್ದು ‘ಜವಾಬ್ದಾರಿ ಸರ್ಕಾರ’ವನ್ನು, ಅಂದರೆ ಮಂತ್ರಿ ಮಂಡಲ ಅರಮನೆಗಲ್ಲ, ಸಭೆಗೆ ಹೊಣೆಯಾಗಬೇಕು ಎಂಬುದನ್ನು. ಎಂಟನೆಯ ಕಲಮು ಯಾವ ಅಧಿಕಾರವನ್ನು ರಾಜರಲ್ಲಿ ಉಳಿಸಿತೋ ಆ ಅಧಿಕಾರದ ತಿರುಳೇ ಇದು. ಘೋಷಣೆಯಲ್ಲಿ ದಿವಾನರ ಹೆಸರಿತ್ತು, ಬೇಡಿಕೆಯಲ್ಲಿದ್ದದ್ದು ಸಿಂಹಾಸನದ ಅಧಿಕಾರ.

ಹಿಂಸೆಯ ವಿಷಯವನ್ನು ಇದೇ ಬೆಳಕಿನಲ್ಲಿ ನೋಡಬೇಕು. ಮೈಸೂರು ಕಾಂಗ್ರೆಸ್ಸಿನ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಸೆಪ್ಟೆಂಬರ್ 1ರಂದು ಸತ್ಯಾಗ್ರಹ ಶುರುವಾಯಿತು. ನಾಯಕರು ಜೈಲು ಸೇರಿದರು, ಚಳವಳಿ ವಿದ್ಯಾರ್ಥಿಗಳ ಮತ್ತು ಹಳ್ಳಿಗರ ಕೈಗೆ ಬಂತು. ಮೈಸೂರಿನಲ್ಲಿ ವಿದ್ಯಾರ್ಥಿ ರಾಮಸ್ವಾಮಿ ಗುಂಡೇಟಿಗೆ ಬಲಿಯಾದ. ಚಾಮರಾಜನಗರ, ಗುಂಡ್ಲುಪೇಟೆಗಳ ಬಸ್ಸುಗಳು ದಿನವೂ ಹೋಗಿ ಬರುವ ಆ ನಗರದಲ್ಲಿ ಇಂದು ಒಂದು ವೃತ್ತಕ್ಕೆ ಅವನ ಹೆಸರಿದೆ. ಪಂಜಾಬಿನ ನರಮೇಧಕ್ಕೂ ಹೈದರಾಬಾದಿನ ರಜಾಕಾರರ ಹಾವಳಿಗೂ ಹೋಲಿಸಿದರೆ ಇಲ್ಲಿ ಹರಿದ ರಕ್ತ ಕಡಿಮೆ ಎಂಬುದನ್ನು ಒಪ್ಪುತ್ತೇನೆ. ಆದರೆ ಹಿಂಸೆಯ ಅರ್ಥ ತಿಳಿಯಲು ಲೆಕ್ಕ ಸಾಲದು, ಹೊಣೆ ಯಾರದೆಂಬುದೂ ತಿಳಿಯಬೇಕು. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದೂ ಮೈಸೂರು ಸರ್ಕಾರದ ಪೊಲೀಸರೇ. ಆಗ ಆ ಸರ್ಕಾರದ ಹಿಂದೆ ಬ್ರಿಟಿಷ್ ಪರಮಾಧಿಕಾರವಿತ್ತು, ದೋಷದಲ್ಲಿ ಅದಕ್ಕೂ ಪಾಲಿತ್ತು. 1947ರ ಸೆಪ್ಟೆಂಬರಿನಲ್ಲಿ ಹಿಂದೆ ಯಾರೂ ಇರಲಿಲ್ಲ. ವಸಾಹತು ಆಳ್ವಿಕೆ ಮುಗಿದ ಮೇಲೆ, ಸ್ವತಂತ್ರ ದೇಶದ ಒಳಗೆ, ಆ ದೇಶದ ಸರ್ಕಾರಕ್ಕೆ ಉತ್ತರಿಸಬೇಕಾಗಿಲ್ಲದ ಇನ್ನೊಂದು ಸರ್ಕಾರ ತನ್ನ ಪ್ರಜೆಯ ಮೇಲೆ ಹಾರಿಸಿದ ಗುಂಡು ಅದು.

ದೆಹಲಿ ಯಾಕೆ ನೇರವಾಗಿ ಕೈಹಾಕಲಿಲ್ಲ ಎಂಬುದಕ್ಕೂ ಇದೇ ಪತ್ರ ಉತ್ತರ ಕೊಡುತ್ತದೆ. ಸರ್ದಾರ್ ಪಟೇಲರ ಸಂಸ್ಥಾನ ಇಲಾಖೆಗೆ ಈ ಪತ್ರದ ಮೂಲಕ ಸಿಕ್ಕಿದ್ದು ಮೂರು ವಿಷಯಗಳು ಮಾತ್ರ, ಕಾನೂನು ಸುವ್ಯವಸ್ಥೆ ಅವುಗಳಲ್ಲಿರಲಿಲ್ಲ. ಮೈಸೂರು ಬೇಗ ಸಹಿ ಹಾಕಿದ ಸಂಸ್ಥಾನ. ತಿರುವಾಂಕೂರಿನಂತೆ ಸ್ವತಂತ್ರ ರಾಷ್ಟ್ರವಾಗುತ್ತೇನೆಂದು ಅದು ಸಾರಲಿಲ್ಲ, ಹೈದರಾಬಾದಿನಂತೆ ಸೇರ್ಪಡೆಯನ್ನು ತಡೆಹಿಡಿಯಲಿಲ್ಲ. ಆ ಶ್ರೇಯಸ್ಸು ಮಹಾರಾಜರಿಗೆ ಸಲ್ಲಬೇಕು, ಅದನ್ನು ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಬೇಗ ಸೇರಿದ್ದೇ ಒಳಾಡಳಿತಕ್ಕೆ ರಕ್ಷೆಯೂ ಆಯಿತು. ಹೊರಗಿನ ಒತ್ತಡ ಕಡಿಮೆಯಿದ್ದ ಕಡೆ ಒಳಗಿನ ಜನರೇ ಭಾರ ಹೊರಬೇಕಾಯಿತು.

ಭಾರ ಹೊತ್ತವರು ಯಾರು ಎಂಬಲ್ಲಿ ಜೇಮ್ಸ್ ಮ್ಯಾನರ್ ಅವರೊಂದಿಗೆ ನನ್ನ ಭಿನ್ನಾಭಿಪ್ರಾಯವಿದೆ. 1917ರಿಂದ 1955ರವರೆಗಿನ ಮೈಸೂರು ರಾಜಕಾರಣದ ಬಗ್ಗೆ 1977ರಲ್ಲಿ ಅವರು ಪ್ರಕಟಿಸಿದ ಗ್ರಂಥವನ್ನು ಬಿಟ್ಟು ಯಾರೂ ಈ ಕಾಲದ ಬಗ್ಗೆ ಬರೆಯಲಾರರು. ಸಂಸ್ಥಾನ ಮಟ್ಟದ ರಾಜಕಾರಣವೂ ಹಳ್ಳಿಯ ರಾಜಕಾರಣವೂ ಬಹುಕಾಲ ಬೇರೆಬೇರೆಯಾಗಿದ್ದವು ಎಂಬ ಅವರ ನಿಲುವು ಬಹುಮಟ್ಟಿಗೆ ಸರಿ. ಆದರೆ ಆ ನಿಲುವನ್ನೇ ಹಿಡಿದು ಹೊರಟರೆ ತಾಲ್ಲೂಕಿನ ಜನ ಬೆಂಗಳೂರು, ಮೈಸೂರುಗಳ ಕರೆಗೆ ಓಗೊಟ್ಟ ಗುಂಪಿನಂತೆ ಕಾಣುವ ಅಪಾಯವಿದೆ. ಗಡಿ ತಾಲ್ಲೂಕಿನವನಿಗೆ ಪಾಠ ಹೇಳಲು ರಾಜಧಾನಿಯ ಭಾಷಣ ಬೇಕಿರಲಿಲ್ಲ. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ನೀಲಗಿರಿ, ಪಶ್ಚಿಮಕ್ಕೆ ಮಲಬಾರಿನ ವಯನಾಡು. ಚಾಮರಾಜನಗರದಿಂದ ಪೂರ್ವಕ್ಕೆ ಕೊಳ್ಳೇಗಾಲ. ಮೂರೂ ಕಡೆ ಮದ್ರಾಸ್ ಪ್ರಾಂತ್ಯ, ಮೂರೂ ಕಡೆ ಚುನಾಯಿತ ಸರ್ಕಾರ. ಹೆಣ್ಣು ಕೊಟ್ಟು ತಂದ ನೆಂಟರು, ಸಂತೆಗೆ ಬರುವ ವ್ಯಾಪಾರಿಗಳು ಗಡಿಯ ಎರಡೂ ಕಡೆಯವರು. ಅಲ್ಲಿಗೆ ಬಂದದ್ದು ಇಲ್ಲಿಗೆ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಅವರ ಕಣ್ಣೆದುರಿನ ಪ್ರಶ್ನೆಯಾಗಿತ್ತು.

ಅಕ್ಟೋಬರಿನಲ್ಲಿ ರಾಜಿಯಾಯಿತು, 25ರಂದು ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಆದರೂ ದಿವಾನ್ ಹುದ್ದೆ ತಕ್ಷಣ ಹೋಗಲಿಲ್ಲ, ಮೊದಲಿಯಾರರು 1949ರವರೆಗೂ ಅದರಲ್ಲಿದ್ದರು. ಆ ವರ್ಷದ ನವೆಂಬರ್ 25ರಂದು ಮಹಾರಾಜರು ಭಾರತದ ಸಂವಿಧಾನವನ್ನು ಅಂಗೀಕರಿಸಿ ಘೋಷಣೆ ಹೊರಡಿಸಿದ ಮೇಲೆಯೇ ಏಳನೆಯ ಮತ್ತು ಎಂಟನೆಯ ಕಲಮುಗಳ ಕಥೆ ಮುಗಿಯಿತು. 1950ರ ಜನವರಿ 26ರಂದು ಕೊಳ್ಳೇಗಾಲದವನೂ ಗುಂಡ್ಲುಪೇಟೆಯವನೂ ಒಂದೇ ಸಂವಿಧಾನದ ಕೆಳಗಿನ ಪ್ರಜೆಗಳಾದರು.

ಆದ್ದರಿಂದ ಚಾಮರಾಜನಗರ ಜಿಲ್ಲೆಯ ಚರಿತ್ರೆಯಲ್ಲಿ ಸ್ವಾತಂತ್ರ್ಯಕ್ಕೆ ಒಂದೇ ತಾರೀಖು ಕೊಡುವುದನ್ನು ಬಿಡಬೇಕು. ಕೊಳ್ಳೇಗಾಲಕ್ಕೆ 1947ರ ಆಗಸ್ಟ್ 15 ಸಲ್ಲುತ್ತದೆ. ಚಾಮರಾಜನಗರ, ಗುಂಡ್ಲುಪೇಟೆಗಳಿಗೆ ಅಂದು ಬಂದದ್ದು ಬ್ರಿಟಿಷರಿಂದ ಬಿಡುಗಡೆ ಮಾತ್ರ. ಆಳುವವರನ್ನು ಹೊಣೆಗಾರರನ್ನಾಗಿಸುವ ಹಕ್ಕನ್ನು ಆ ಶರತ್ಕಾಲದಲ್ಲಿ ಲಾಠಿಗೆ ಮೈಯೊಡ್ಡಿ, ಜೈಲಿಗೆ ಹೋಗಿ, ಪ್ರಾಣ ಕೊಟ್ಟು ಜನರೇ ಗಳಿಸಿದರು. ಅರಮನೆ ಅದನ್ನು ಕೊಟ್ಟಿತೆಂದು ಬರೆಯುವುದು ಅರಮನೆಯೇ ಸಹಿ ಮಾಡಿದ ಪತ್ರಕ್ಕೆ ವಿರುದ್ಧ.