ಕೋಲಾರದಲ್ಲಿ ಕಲಿತು ಬರ್ಮಾಕ್ಕೆ ಹಾರಿದವರು

ವಾಲ್ಮೀಕಿಯ ಆಶ್ರಮವಿದ್ದುದು ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ, ಲವಕುಶರು ರಾಮನ ಸೇನೆಯನ್ನು ಎದುರಿಸಿದ್ದೂ ಅಲ್ಲೇ ಎನ್ನುತ್ತದೆ ಸ್ಥಳಪುರಾಣ. ಪುರಾಣದ ಮಾತು ಹಾಗಿರಲಿ. ಇದೇ ಸೀಮೆಯಲ್ಲಿ ಯುದ್ಧವಿದ್ಯೆ ಕಲಿಸುವ ಶಾಲೆಯೊಂದು ಇತಿಹಾಸದಲ್ಲೂ ಇತ್ತು. ಅದು ಎರಡನೇ ಮಹಾಯುದ್ಧ ಕಾಲದ ಕೋಲಾರದ ವಿಮಾನ ನೆಲೆ.

1942ರಲ್ಲಿ ಬರ್ಮಾ ಜಪಾನೀಯರ ವಶವಾಯಿತು. ಬಂಗಾಳಕೊಲ್ಲಿಯಾಚೆಯ ಶತ್ರುನೆಲೆಗಳನ್ನು ತಲುಪಲು ದೂರ ಹಾರಬಲ್ಲ ವಿಮಾನಗಳು ಬೇಕಾದವು. ಅಮೆರಿಕದಲ್ಲಿ ತಯಾರಾದ, ನಾಲ್ಕು ಎಂಜಿನ್‌ಗಳ ಲಿಬರೇಟರ್ ಅಂಥದೊಂದು ಬಾಂಬರ್. ಆದರೆ ವಿಮಾನ ಬಂದ ಮಾತ್ರಕ್ಕೆ ಯುದ್ಧ ನಡೆಯುವುದಿಲ್ಲ. ಚಿಕ್ಕ ವಿಮಾನ ಹಾರಿಸಿ ಅಭ್ಯಾಸವಿದ್ದ ಪೈಲಟ್ ಈ ದೈತ್ಯ ಯಂತ್ರವನ್ನು ಹೊಸದಾಗಿ ಕಲಿಯಬೇಕು. ದಿಕ್ಕು ಹೇಳುವವ, ವೈರ್‌ಲೆಸ್ ನೋಡುವವ, ಬಂದೂಕು ಹಿಡಿದವ, ಎಲ್ಲರೂ ಒಂದೇ ತಂಡವಾಗಿ ಪಳಗಬೇಕು. ಈ ಕೆಲಸಕ್ಕಾಗಿಯೇ ಬ್ರಿಟಿಷ್ ವಾಯುಪಡೆಯ 1673ನೇ ಪರಿವರ್ತನಾ ತರಬೇತಿ ಘಟಕ ಕೋಲಾರದಲ್ಲಿತ್ತು. ರಣರಂಗದಿಂದ ದೂರವಿದ್ದ ಈ ಬಯಲುಸೀಮೆಯಲ್ಲಿ ಕಲಿಯುವವರಿಗೆ ಶತ್ರುವಿಮಾನಗಳ ಕಾಟವಿರಲಿಲ್ಲ.

1944ರ ನವೆಂಬರ್ 8ರಂದು ಆ ಘಟಕದವರನ್ನೇ ತಿರುಳಾಗಿಟ್ಟುಕೊಂಡು 358ನೇ ಸ್ಕ್ವಾಡ್ರನ್ ಕೋಲಾರದಲ್ಲಿ ಹುಟ್ಟಿತು. 1945ರ ಜನವರಿಯಲ್ಲಿ ಅದು ಬಂಗಾಳದ ದಿಗ್ರಿಗೆ ತೆರಳಿತು. ಬಾಂಬ್ ಹಾಕಲು ಹೋದದ್ದು ಒಂದೇ ಬಾರಿ. ಆಮೇಲೆ ಅದರ ಪಾಲಿಗೆ ಬಂದದ್ದು ಗುಪ್ತ ಕೆಲಸ: ಶತ್ರುವಿನ ವಶದಲ್ಲಿದ್ದ ಆಗ್ನೇಯ ಏಷ್ಯಾದ ನಾಡುಗಳಲ್ಲಿ ಗೂಢಚಾರರನ್ನೂ ಸಾಮಗ್ರಿಯನ್ನೂ ಪ್ಯಾರಾಚೂಟ್ ಮೂಲಕ ಇಳಿಸುವುದು. ಆ ಜನವರಿಯಲ್ಲೇ, ಇಂಥ ಕೆಲಸಕ್ಕೆ ಹೊರಟ ಮೊದಲ ರಾತ್ರಿಯೇ, ಒಂದಕ್ಕಿಂತ ಹೆಚ್ಚು ಲಿಬರೇಟರ್‌ಗಳು ಮರಳಲಿಲ್ಲ. ಯುದ್ಧ ಮುಗಿದ ಮೇಲೆ, 1945ರ ನವೆಂಬರ್‌ನಲ್ಲಿ ಸ್ಕ್ವಾಡ್ರನ್ ವಿಸರ್ಜನೆಯಾಯಿತು.

ಲಿಬರೇಟರ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಯುದ್ಧಾನಂತರ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಈ ವಿಮಾನಗಳಲ್ಲಿ ನಲವತ್ತಕ್ಕೂ ಹೆಚ್ಚನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ದುರಸ್ತಿ ಮಾಡಿ ಹಾರಿಸಿತು. 1948ರಲ್ಲಿ ಭಾರತೀಯ ವಾಯುಪಡೆಗೆ ಸೇರಿದ ಅವು 1968ರವರೆಗೂ ಸೇವೆಯಲ್ಲಿದ್ದವು.

ತರಬೇತಿ ನೆಲೆಗಳ ಪಾಡೇ ಹೀಗೆ. ಗೆಲುವಿನ ಸುದ್ದಿಯಲ್ಲಿ ರಣರಂಗದ ಹೆಸರು ಮೆರೆಯುತ್ತದೆ, ಕಲಿಸಿದ ನೆಲದ ಹೆಸರು ಹಿಂದೆ ಸರಿಯುತ್ತದೆ. ಆ ರಾತ್ರಿ ಮರಳದವರು ಕೆಲವೇ ತಿಂಗಳ ಹಿಂದೆ ಹುಟ್ಟಿದ ಸ್ಕ್ವಾಡ್ರನ್ನಿನವರು. ಅದರ ಹುಟ್ಟೂರು ಕೋಲಾರ. ಕೋಲಾರವೆಂದರೆ ಚಿನ್ನವಷ್ಟೇ ಅಲ್ಲ ಎನ್ನಲು ಇದೊಂದು ನೆನಪು ಸಾಕು.