ಆರು ಟ್ಯಾಕಲ್, ಒಂದು ಸೀಟಿ: ರಗ್ಬಿ ಲೀಗ್‌ನ ವಿವಾದಗಳು

ರಗ್ಬಿ ಎಂದರೆ ಒಂದೇ ಆಟವಲ್ಲ. 1895ರ ಆಗಸ್ಟ್‌ನಲ್ಲಿ ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್‌ಗಳು ಮೂಲ ಸಂಘದಿಂದ ಸಿಡಿದು ಹೊರಬಂದವು. ಗಣಿ, ಗಿರಣಿಗಳಲ್ಲಿ ದುಡಿಯುವವನು ಶನಿವಾರ ಆಟಕ್ಕೆ ಬಂದರೆ ಕೂಲಿ ಕಳೆದುಕೊಳ್ಳುತ್ತಿದ್ದ. ಅದನ್ನು ತುಂಬಿಕೊಡಬೇಕೇ ಬೇಡವೇ ಎಂಬುದೇ ಜಗಳದ ಮೂಲ. ಹಾಗೆ ಬೇರೆಯಾದ ಆಟ ಮುಂದೆ 13 ಮಂದಿಯ ರಗ್ಬಿ ಲೀಗ್ ಆಯಿತು. ಇಂದು ಅದರ ದೊಡ್ಡ ಪಂದ್ಯಾವಳಿ ಆಸ್ಟ್ರೇಲಿಯಾದ ಎನ್‌ಆರ್‌ಎಲ್.

ಚೆಂಡು ಹಿಡಿದವನನ್ನು ಎದುರಾಳಿ ಹಿಡಿದು ನಿಲ್ಲಿಸುವುದೇ ಟ್ಯಾಕಲ್. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ. ಆರನೆಯದರಲ್ಲೂ ಸಿಕ್ಕಿಬಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಅಂದರೆ ರೆಫರಿ ಬಾಯಲ್ಲಿ ಎಣಿಸುತ್ತ, ಕಣ್ಣಲ್ಲಿ ಹಿಡಿತ ನೋಡುತ್ತ ಓಡುತ್ತಿರಬೇಕು. ಆಟದ ದೊಡ್ಡ ವಿವಾದಗಳು ಬಹುಮಟ್ಟಿಗೆ ಈ ಎರಡು ಕೆಲಸಗಳಲ್ಲೇ ಹುಟ್ಟಿವೆ.

ಯಾವ ಹಿಡಿತ ತಪ್ಪು?

ಕಬಡ್ಡಿ ನೋಡಿ ಬೆಳೆದವರಿಗೆ ಕಾಲು, ತೊಡೆ, ಸೊಂಟ ಹಿಡಿದು ಕೆಡವುವುದು ಹೊಸದಲ್ಲ. ಇಲ್ಲಿನ ವ್ಯತ್ಯಾಸವೆಂದರೆ ನೂರು ಕಿಲೋ ಆಸುಪಾಸಿನ ದೇಹ ಎದುರಿನಿಂದ ಪೂರ್ತಿ ವೇಗದಲ್ಲಿ ಬರುತ್ತದೆ, ಹಿಡಿಯುವವರು ಇಬ್ಬರು ಮೂವರು. ತಲೆಗೆ, ಕುತ್ತಿಗೆಗೆ ತಗಲುವ ಹಿಡಿತ ನಿಷಿದ್ಧ. ಆಟಗಾರನನ್ನು ಎತ್ತಿ ತಲೆ ಕೆಳಗಾಗಿ ಬೀಳಿಸುವುದು, ಕೈ ಬಳಸದೆ ಭುಜದಿಂದ ಗುದ್ದುವುದು, ಹಿಂದಿನಿಂದ ಹಿಡಿದು ಅವನ ಕಾಲ ಮೇಲೆ ತನ್ನ ಭಾರ ಬಿಡುವುದು ಸಹ ನಿಷಿದ್ಧ. ಶಿಕ್ಷೆ ಪೆನಾಲ್ಟಿಯಿಂದ ಶುರುವಾಗಿ, ಹತ್ತು ನಿಮಿಷ ಹೊರಗೆ ಕೂರಿಸುವ ಸಿನ್ ಬಿನ್ ದಾಟಿ, ಪಂದ್ಯದಿಂದಲೇ ಹೊರಹಾಕುವವರೆಗೆ ಹೋಗುತ್ತದೆ. ಆಮೇಲೆ ಶಿಸ್ತು ಮಂಡಳಿಯ ವಿಚಾರಣೆ ಬೇರೆ.

ಮೆಲ್ಬರ್ನ್‌ನ ಆ ರಾತ್ರಿ

2014ರ ಮಾರ್ಚ್ 24ರಂದು ನ್ಯೂಕ್ಯಾಸಲ್ ನೈಟ್ಸ್ ತಂಡದ 22 ವರ್ಷದ ಅಲೆಕ್ಸ್ ಮೆಕಿನನ್‌ನನ್ನು ಮೆಲ್ಬರ್ನ್ ಸ್ಟಾರ್ಮ್‌ನ ಮೂವರು ಹಿಡಿದರು. ಎತ್ತಿದ ದೇಹ ಗಾಳಿಯಲ್ಲಿ ತಿರುಗಿತು, ತಲೆ ಮೊದಲು ನೆಲಕ್ಕೆ ಬಡಿಯಿತು, ಕುತ್ತಿಗೆಯ ಮೂಳೆ ಮುರಿಯಿತು. ಅವನು ಮತ್ತೆ ಆಡಲಿಲ್ಲ. ಗಾಲಿಕುರ್ಚಿಯ ಬದುಕು ಅವನದಾಯಿತು. ಹಿಡಿದವರಲ್ಲಿ ಜೋರ್ಡನ್ ಮೆಕ್ಲೀನ್‌ಗೆ ಏಳು ಪಂದ್ಯಗಳ ನಿಷೇಧ ಬಂತು.

ಏಳು ಪಂದ್ಯ ಹೆಚ್ಚೋ ಕಡಿಮೆಯೋ ಎಂದು ಅಭಿಮಾನಿಗಳು ವರ್ಷಗಟ್ಟಲೆ ಜಗಳವಾಡಿದರು. ಕೆಡುಕು ಮಾಡುವ ಉದ್ದೇಶ ಯಾರಿಗೂ ಇರಲಿಲ್ಲ ಎನ್ನುವವರಿದ್ದರು. ಒಂದು ಬದುಕೇ ಮುರಿದಿರುವಾಗ ಏಳು ಪಂದ್ಯ ಯಾವ ಲೆಕ್ಕ ಎನ್ನುವವರೂ ಇದ್ದರು. ಶಿಕ್ಷೆ ಕೃತ್ಯಕ್ಕೋ ಪರಿಣಾಮಕ್ಕೋ ಎಂಬ ಈ ಪ್ರಶ್ನೆಗೆ ಆಟ ಇಂದಿಗೂ ನೇರ ಉತ್ತರ ಕೊಟ್ಟಿಲ್ಲ. ನನ್ನ ಮಟ್ಟಿಗೆ ಕೃತ್ಯವನ್ನೇ ನೋಡಬೇಕು. ಗಾಯವಾಗದ ನೂರು ಅಪಾಯಕಾರಿ ಹಿಡಿತಗಳನ್ನು ಬಿಟ್ಟು, ಗಾಯವಾದ ಒಂದನ್ನು ಹಿಡಿದು ದಂಡಿಸಿದರೆ ಯಾರ ಅಭ್ಯಾಸವೂ ಬದಲಾಗದು.

ಒಂದೇ ಕ್ಲಬ್, ಎರಡು ತೀರ್ಪು

2008ರಲ್ಲಿ ಮೆಲ್ಬರ್ನ್ ನಾಯಕ ಕ್ಯಾಮರಾನ್ ಸ್ಮಿತ್ ಬ್ರಿಸ್ಬೇನ್‌ನ ಸ್ಯಾಮ್ ಥೈಡೆಯ ಕುತ್ತಿಗೆಯ ಸುತ್ತ ಹಾಕಿದ ಪಟ್ಟಿಗೆ ಎರಡು ಪಂದ್ಯಗಳ ನಿಷೇಧ ಪಡೆದ. ಫೈನಲ್ ತಪ್ಪಿತು, ತಂಡ ಮ್ಯಾನ್ಲಿಗೆ 40–0 ಅಂತರದಲ್ಲಿ ಸೋತಿತು. ಹತ್ತು ವರ್ಷದ ನಂತರ ಅದೇ ಕ್ಲಬ್‌ನ ಬಿಲ್ಲಿ ಸ್ಲೇಟರ್ ಸೆಮಿಫೈನಲ್ ಹಂತದಲ್ಲಿ ಕ್ರೊನುಲ್ಲಾದ ಸೊಸಾಯಾ ಫೆಕಿಗೆ ಭುಜದಿಂದ ಡಿಕ್ಕಿ ಹೊಡೆದ. ಭುಜದ ಗುದ್ದನ್ನು ಎನ್‌ಆರ್‌ಎಲ್ 2013ರಲ್ಲೇ ನಿಷೇಧಿಸಿತ್ತು. ಅಪರಾಧಿ ಎಂದಾಗಿದ್ದರೆ ಅವನ ವೃತ್ತಿಜೀವನದ ಕೊನೆಯ ಪಂದ್ಯವೇ ಇಲ್ಲವಾಗುತ್ತಿತ್ತು. ವಿಚಾರಣೆಯಲ್ಲಿ ಅವನು ಬಿಡುಗಡೆಯಾದ, ಫೈನಲ್ ಆಡಿದ, ರೂಸ್ಟರ್ಸ್ ಎದುರು 21–6ರಿಂದ ಸೋತ. ಭಾವನೆಗೆ ಮಣಿದು ಕೊಟ್ಟ ತೀರ್ಪು ಎಂಬ ಟೀಕೆ ಉಳಿಯಿತು.

ಬೆರಳೆಣಿಕೆ ತಪ್ಪಿದಾಗ

ಹಿಡಿತದ ವಿಷಯದಲ್ಲಿ ಅಭಿಪ್ರಾಯಭೇದ ಸಹಜ. ಆರರವರೆಗೆ ಎಣಿಸುವುದರಲ್ಲಿ ಏನಿದೆ? 2013ರ ನಾಕೌಟ್ ಪಂದ್ಯದಲ್ಲಿ ಕ್ರೊನುಲ್ಲಾದ ಬೋ ರಯಾನ್ ಗಳಿಸಿದ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಊರಿ ಗಳಿಸುವ ಅಂಕ) ಬಂದದ್ದು ಏಳನೇ ಟ್ಯಾಕಲ್‌ನಲ್ಲಿ. ನಾರ್ತ್ ಕ್ವೀನ್ಸ್‌ಲ್ಯಾಂಡ್ ತಂಡ 20–18ರಿಂದ ಸೋತು ಮನೆಗೆ ಹೋಯಿತು. ತಪ್ಪನ್ನು ಯಾವ ಕ್ಯಾಮೆರಾ ಬೇಕಾದರೂ ತೋರಿಸುತ್ತಿತ್ತು. ಫಲಿತಾಂಶ ಮಾತ್ರ ಬದಲಾಗಲಿಲ್ಲ.

2019ರ ಅಕ್ಟೋಬರ್ 6ರ ಸಿಡ್ನಿ ಫೈನಲ್ ಇದಕ್ಕಿಂತ ಸೂಕ್ಷ್ಮ. 1994ರ ನಂತರ ಮೊದಲ ಬಾರಿ ಫೈನಲ್ ತಲುಪಿದ್ದ ಕ್ಯಾನ್‌ಬೆರಾ ರೇಡರ್ಸ್ ಒಂದು ಕಡೆ, ಸಿಡ್ನಿ ರೂಸ್ಟರ್ಸ್ ಇನ್ನೊಂದು ಕಡೆ, ಅಂಕ 8–8, ಉಳಿದದ್ದು ಹತ್ತು ನಿಮಿಷವೂ ಇಲ್ಲ. ಎತ್ತರಕ್ಕೆ ಒದ್ದ ಚೆಂಡು ಗುಂಪಿನಲ್ಲಿ ತಗಲಿ ಮತ್ತೆ ರೇಡರ್ಸ್ ಕೈಗೆ ಬಂತು. ರೂಸ್ಟರ್ಸ್ ಆಟಗಾರ ಮುಟ್ಟಿದ್ದಾನೆ ಎಂದುಕೊಂಡು ರೆಫರಿ ಬೆನ್ ಕಮಿನ್ಸ್ ಕೈಯೆತ್ತಿ ಬೀಸಿದರು. ಆ ಸನ್ನೆಯ ಅರ್ಥ, ಎಣಿಕೆ ಮೊದಲಿನಿಂದ, ಮತ್ತೆ ಆರು. ಮರುಕ್ಷಣವೇ ಸಹಾಯಕರ ಮಾತು ಕೇಳಿ ಅದನ್ನು ಹಿಂತೆಗೆದುಕೊಂಡರು. ಮೊದಲ ಸನ್ನೆ ನಂಬಿದ ಜ್ಯಾಕ್ ವೈಟನ್ ಚೆಂಡನ್ನು ಒದೆಯದೆ ಸುಮ್ಮನೆ ಟ್ಯಾಕಲ್‌ಗೆ ಒಳಗಾದ. ಅದು ಕೊನೆಯ ಟ್ಯಾಕಲ್ ಆಗಿತ್ತು. ಚೆಂಡು ಎದುರಾಳಿಗೆ ಹೋಯಿತು, ಸ್ವಲ್ಪದರಲ್ಲೇ ಜೇಮ್ಸ್ ಟೆಡೆಸ್ಕೊ ಟ್ರೈ ಗಳಿಸಿದ, ರೂಸ್ಟರ್ಸ್ 14–8ರಿಂದ ಗೆದ್ದಿತು.

ಸಂಘಟಕರು ಹೇಳಿದ್ದು ಇಷ್ಟು: ಅಂತಿಮ ತೀರ್ಮಾನ ಸರಿ, ಮೊದಲ ಸನ್ನೆ ತಪ್ಪು. ನಿಯಮದ ಪ್ರಕಾರ ನ್ಯಾಯ, ಆಡುವವನಿಗೆ ಅನ್ಯಾಯ. ಪಂದ್ಯಶ್ರೇಷ್ಠ ಪದಕ ಸೋತ ತಂಡದ ವೈಟನ್‌ಗೇ ಸಂದಿತು.

ಪರದೆಯ ಮುಂದೆ ಕೂತವರು

2016ರಿಂದ ಎನ್‌ಆರ್‌ಎಲ್‌ನ ಎಲ್ಲ ಮರುನೋಟವೂ ಸಿಡ್ನಿಯ ‘ಬಂಕರ್’ ಎಂಬ ಒಂದೇ ಕೇಂದ್ರದಿಂದ. 2020ರಲ್ಲಿ ನಾಯಕರಿಗೂ ಪ್ರಶ್ನಿಸುವ ಅವಕಾಶ ಬಂತು. ಕ್ರಿಕೆಟ್‌ನ ಡಿಆರ್‌ಎಸ್ ನೋಡಿದವರಿಗೆ ಇದರ ಪರಿಚಯ ಬೇಡ. ಆದರೆ ಆ ಅವಕಾಶವಿಲ್ಲದಾಗ ರೆಫರಿ ಕೇಳದಿದ್ದರೆ ಪರದೆಯಿದ್ದೂ ಪ್ರಯೋಜನವಿಲ್ಲ. 2017ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ 20–18ರಿಂದ ಮುಂದಿತ್ತು. ಕೊನೆಯ ಕ್ಷಣಗಳಲ್ಲಿ ಟೊಂಗಾದ ಆಂಡ್ರ್ಯೂ ಫಿಫಿಟಾ ಗೆರೆಯತ್ತ ನುಗ್ಗಿದ, ಚೆಂಡು ಕೈಜಾರಿತು. ಇಂಗ್ಲೆಂಡ್ ಆಟಗಾರ ಕಿತ್ತುಕೊಂಡನೇ, ಅವನೇ ಬಿಟ್ಟನೇ? ರೆಫರಿ ಮ್ಯಾಟ್ ಚೆಕಿನ್ ಪರದೆಯ ನೆರವು ಕೇಳದೆ ಟೊಂಗಾದ ತಪ್ಪು ಎಂದರು. ಆಕ್ಲೆಂಡ್‌ನ ಬೀದಿಗಳಲ್ಲಿ ಟೊಂಗಾ ಮೂಲದವರು ಪ್ರತಿಭಟಿಸಿದರು, ಆನ್‌ಲೈನ್‌ನಲ್ಲಿ ಚೆಕಿನ್‌ಗೆ ಕೊಲೆ ಬೆದರಿಕೆಗಳು ಬಂದವು. ಮುಂದೆ ಅವರು ಎನ್‌ಆರ್‌ಎಲ್ ಅನ್ನೇ ಬಿಟ್ಟರು.

ತಲೆಗೆ ತಗಲಿದರೆ ಹೊರಗೆ

ಮಿದುಳಿನ ಗಾಯದ ಭಯ ಹೆಚ್ಚಿದಂತೆ ಶಿಕ್ಷೆಯೂ ಬಿಗಿಯಾಯಿತು. 2021ರ ಮೇ ತಿಂಗಳಲ್ಲಿ ಬ್ರಿಸ್ಬೇನ್‌ನಲ್ಲಿ ನಡೆದ ಒಂದೇ ಸುತ್ತಿನಲ್ಲಿ ಮೂವರು ಪಂದ್ಯದಿಂದಲೇ ಹೊರನಡೆದರು, ಸಿನ್ ಬಿನ್ ಸೇರಿದವರಂತೂ ಡಜನ್ನಿಗೂ ಹೆಚ್ಚು. ಆಟ ಸಪ್ಪೆಯಾಗುತ್ತಿದೆ ಎಂದು ಹಳೆಯ ಆಟಗಾರರೇ ಗೊಣಗಿದರು. ಮೆಕಿನನ್‌ನ ಕಥೆ ಕೇಳಿದವರಿಗೆ ಆ ಗೊಣಗಾಟ ರುಚಿಸದು.

2024ರ ಜೂನ್ 5ರಂದು, ಎರಡು ರಾಜ್ಯಗಳ ನಡುವಣ ಸ್ಟೇಟ್ ಆಫ್ ಒರಿಜಿನ್ ಸರಣಿಗೆ ಪದಾರ್ಪಣೆ ಮಾಡಿದ ನ್ಯೂ ಸೌತ್ ವೇಲ್ಸ್‌ನ ಜೋಸೆಫ್ ಸುವಾಲಿ ಎಂಟು ನಿಮಿಷ ಕಳೆಯುವುದರೊಳಗೆ ಕ್ವೀನ್ಸ್‌ಲ್ಯಾಂಡ್‌ನ ರೀಸ್ ವಾಲ್ಶ್‌ನ ತಲೆಗೆ ತಗಲಿ ಹೊರಹೋದ. ಹನ್ನೆರಡೇ ಮಂದಿ ಉಳಿದ ತಂಡ 38–10ರಿಂದ ಸೋತಿತು. ಈ ಬಾರಿ ರೆಫರಿಯ ವಿರುದ್ಧ ಎದ್ದ ದನಿ ಕಡಿಮೆ. ಸರಣಿಯನ್ನು ಕೊನೆಗೆ ಗೆದ್ದದ್ದು ನ್ಯೂ ಸೌತ್ ವೇಲ್ಸ್.